ಗಂಟಲ ಬೇನೆಗೆ ಲಸಿಕೆಯುಂಟೆ?

ಹೊಸಪೇಟೆಯ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ, ಸಂಡೂರಿನ ಗುಡ್ಡಗಳ ನಡುವಣ ತಾಂಡಾಗಳಿಗೆ ನಡೆದುಹೋಗುವ ಆರೋಗ್ಯ ಸಹಾಯಕಿಯರ ಮುಂದೆ, ಕಂಪ್ಲಿಯ ಸುತ್ತಣ ಭತ್ತದ ಗದ್ದೆಗಳಂಚಿನ ಊರುಗಳ ಉಪಕೇಂದ್ರಗಳಲ್ಲಿ, ಮಳೆ ಹಿಂದೆ ಸರಿದು ಚಳಿ ಮುಂದೆ ಬರುವ ಸಂಧಿಕಾಲದಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದುಂಟು. "ಪೋಲಿಯೋಕ್ಕ ಹನಿ ಐತಿ, ದಡಾರಕ್ಕ ಸೂಜಿ ಐತಿ, ಈ ಗಂಟಲ ಬ್ಯಾನಿಗೆ ಒಂದೂ ಇಲ್ಲೇನ್ರಿ?" ಎಂದು ಕೇಳುವ ತಾಯಿಯ ಮಗು, ವರ್ಷದಲ್ಲಿ ನಾಲ್ಕಾರು ಸಲ ಜ್ವರದಿಂದ ಮಲಗಿ, ಉಗುಳು ನುಂಗಲಾರದೆ ಅತ್ತು, ಶಾಲೆ ತಪ್ಪಿಸಿ, ಅವಳ ದಿನಗೂಲಿಯನ್ನೂ ತಪ್ಪಿಸಿರುತ್ತದೆ. ಪ್ರಶ್ನೆ ಸರಳವಾದುದು, ಆದರೆ ಅದಕ್ಕೆ ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರದಲ್ಲಿ ಒಂದು "ಇಲ್ಲ"ವೂ ಒಂದು "ಉಂಟು" ಎಂಬುದೂ ಜೊತೆಜೊತೆಯಾಗಿ ಸೇರಿಕೊಂಡಿವೆ. ಆ "ಇಲ್ಲ"ದ ಹಿಂದೆ ನೂರು ವರ್ಷಗಳಿಗೂ ಮಿಕ್ಕ ವೈಜ್ಞಾನಿಕ ಪರಿಶ್ರಮವಿದೆ. "ಉಂಟು" ಎನ್ನಬಹುದಾದ ಲಸಿಕೆಯಾದರೋ ನಮ್ಮ ಉಪಕೇಂದ್ರದ ಶೀತಪೆಟ್ಟಿಗೆಯಲ್ಲಿಯೇ ಇದ್ದು, ನಾವು ಅದನ್ನು ಮರೆತಿದ್ದೇವೆ.

ಮೊದಲು ಗಂಟಲು ಕೆಡುವುದು ಯಾತರಿಂದ ಎಂಬುದನ್ನು ನೋಡಬೇಕು. ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಧೂಳಿನಿಂದ ಗಂಟಲು ಕೆರೆಯುವುದುಂಟು. ಹಂಪಿಯ ಬಿಸಿಲಿನಲ್ಲಿ ವಿಜಯವಿಠ್ಠಲ ದೇಗುಲದಿಂದ ಕಮಲಮಹಲಿನವರೆಗೆ ದಿನವಿಡೀ ಕಥೆ ಹೇಳುತ್ತ ನಡೆಯುವ ಮಾರ್ಗದರ್ಶಿಯ ಗಂಟಲು ಸಂಜೆಗೆ ಒಡೆಯುವುದೂ ಉಂಟು. ಇವು ಸೋಂಕುಗಳಲ್ಲ, ಇವಕ್ಕೆ ಲಸಿಕೆಯ ಮಾತೇ ಸಲ್ಲದು. ಸೋಂಕಿನಿಂದ ಬರುವ ಗಂಟಲ ಬೇನೆಯಲ್ಲಿಯೂ ಬಹುಪಾಲು ನೆಗಡಿಯನ್ನು ತರುವ ನಾನಾ ಬಗೆಯ ವೈರಸ್ಸುಗಳ ಕೃತ್ಯವೇ ಹೊರತು ಬ್ಯಾಕ್ಟೀರಿಯಾಗಳದ್ದಲ್ಲ. ಮೂಗು ಸೋರುತ್ತಿದ್ದು, ಕೆಮ್ಮು ಇದ್ದು, ದನಿ ಕಟ್ಟಿದ್ದರೆ ಅದು ಸಾಮಾನ್ಯವಾಗಿ ವೈರಸ್ಸಿನದೇ. ಉಪ್ಪುನೀರು ಮುಕ್ಕಳಿಸಿ, ಬಿಸಿ ಗಂಜಿ ಕುಡಿದು, ನಾಲ್ಕಾರು ದಿನ ತಾಳಿದರೆ ತಾನಾಗಿ ಹೋಗುತ್ತದೆ. ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಬರುವ ಗಂಟಲ ಬೇನೆಗಳಲ್ಲಿ ನೂರಕ್ಕೆ ಸುಮಾರು ಇಪ್ಪತ್ತರಿಂದ ಮೂವತ್ತು 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ, ಸೂಕ್ಷ್ಮದರ್ಶಕದಲ್ಲಿ ಸರಪಣಿಯಂತೆ ಸಾಲಾಗಿ ತೋರುವ ಬ್ಯಾಕ್ಟೀರಿಯಾದಿಂದ ಬರುತ್ತವೆ. ಒಮ್ಮೆಗೇ ಏರುವ ಜ್ವರ, ಕೆಂಪಾಗಿ ಊದಿ ಬಿಳಿಯ ಕೀವಿನ ಚುಕ್ಕೆಗಳನ್ನು ಹೊತ್ತ ಟಾನ್ಸಿಲ್ ಗ್ರಂಥಿಗಳು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟುಗಳು, ಕೆಮ್ಮಿಲ್ಲದಿರುವಿಕೆ, ಇವು ಅದರ ಲಕ್ಷಣಗಳು. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ ಇದು ಒಂದು ಮಗುವಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ.

ಈ ಸ್ಟ್ರೆಪ್ಟೊಕಾಕಸ್ ಬರಿಯ ಗಂಟಲನ್ನು ನೋಯಿಸಿ ಹೋಗುವುದಾಗಿದ್ದರೆ ಅದಕ್ಕಾಗಿ ಲಸಿಕೆಯನ್ನು ಹುಡುಕುತ್ತ ವಿಜ್ಞಾನಿಗಳು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಗಂಟಲು ವಾಸಿಯಾಗಿ, ಮಗು ಮತ್ತೆ ಆಡತೊಡಗಿ, ಮನೆಯವರೆಲ್ಲ ಅದನ್ನು ಮರೆತುಬಿಟ್ಟ ಎರಡು ಮೂರು ವಾರಗಳ ಅನಂತರ, ಕೆಲವು ಮಕ್ಕಳಲ್ಲಿ ಮೊಣಕಾಲು ಊದುತ್ತದೆ, ಆ ಊತ ಇಳಿಯುವಷ್ಟರಲ್ಲಿ ಮಣಿಕಟ್ಟು ಊದುತ್ತದೆ, ಜ್ವರ ಕಾಯುತ್ತದೆ, ಎದೆ ಡವಗುಟ್ಟುತ್ತದೆ. ಇದೇ ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯಾದ ಮೈಮೇಲಣ ಕೆಲವು ಪದಾರ್ಥಗಳ ರಚನೆಯೂ ನಮ್ಮ ಹೃದಯದ ಅಂಗಾಂಶದ ರಚನೆಯೂ ಅಂಶತಃ ಒಂದನ್ನೊಂದು ಹೋಲುವುದರಿಂದ, ಶತ್ರುವನ್ನು ಕೊಲ್ಲಲೆಂದು ಶರೀರವು ಸಿದ್ಧಪಡಿಸಿದ ಪ್ರತಿಕಾಯಗಳು ದಿಕ್ಕು ತಪ್ಪಿ ಸ್ವಂತ ಹೃದಯದ ಮೇಲೆಯೇ ಬೀಳುತ್ತವೆ. ಕೀಲುಗಳ ಊತ ಗುರುತಿಲ್ಲದಂತೆ ಮಾಯವಾಗುತ್ತದೆ. ಹೃದಯದ ಕವಾಟಕ್ಕೆ ತಗಲಿದ ಪೆಟ್ಟು ಮಾತ್ರ ಉಳಿಯುತ್ತದೆ, ಪ್ರತಿ ಸಲ ಈ ಜ್ವರ ಮರುಕಳಿಸಿದಾಗಲೂ ಮತ್ತಷ್ಟು ಆಳವಾಗುತ್ತದೆ. ಹತ್ತು ಹದಿನೈದು ವರ್ಷಗಳ ಬಳಿಕ, ಚೊಚ್ಚಲ ಬಸಿರಿನಲ್ಲಿ ಉಸಿರು ಸಿಕ್ಕಿಕೊಂಡು ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರುವ ತರುಣಿಗೆ, ಅದು ತನ್ನ ಬಾಲ್ಯದ ಗಂಟಲ ಬೇನೆಯ ಫಲವೆಂದು ಹೇಳಿದರೆ ಹೇಗೆ ತಾನೆ ನಂಬಿಕೆ ಬಂದೀತು? ಅಲ್ಲಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿ, ಕಿರಿದಾದ ಕವಾಟವನ್ನು ಬಲೂನಿನಿಂದ ಅಗಲಿಸಿಕೊಂಡು ಬರುವವರಲ್ಲಿ ಉತ್ತರ ಕರ್ನಾಟಕದ ಬಡ ಕುಟುಂಬಗಳ ಹೆಣ್ಣುಮಕ್ಕಳೂ ಇರುತ್ತಾರೆ. ಜಗತ್ತಿನಲ್ಲಿ ಈ ಹೃದ್ರೋಗದಿಂದ ವರ್ಷವೊಂದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಅಳಿದುಹೋದ ರೋಗ.

ಹಾಗಿದ್ದ ಮೇಲೆ ಲಸಿಕೆ ಏಕಿಲ್ಲ? ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ಹಾಕುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೈಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗಿನ ಲಸಿಕೆಯನ್ನು, ಮರುವರ್ಷವೇ ಪ್ಲೇಗು ಬಡಿದ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು. ಕಾಯಿಸಿ ಕೊಂದ ಬ್ಯಾಕ್ಟೀರಿಯಾ ಜೀವಂತ ಬ್ಯಾಕ್ಟೀರಿಯಾವನ್ನು ತಡೆಯಬಲ್ಲುದೆಂಬ ನಂಬಿಕೆ ಬೇರೂರಿದ ಊರುಗಳಲ್ಲಿ ನಮ್ಮ ಕನ್ನಡದ ಹುಬ್ಬಳ್ಳಿಯೂ ಒಂದು. ಅದೇ ಕಾಲದ ಆಸುಪಾಸಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಆಲ್ಮ್ರಾತ್ ರೈಟ್ ಎಂಬ ವೈದ್ಯನು, ಯಾವ ಸೋಂಕೇ ಆಗಲಿ ರೋಗಿಯ ಶರೀರದಿಂದಲೇ ಬ್ಯಾಕ್ಟೀರಿಯಾವನ್ನು ತೆಗೆದು, ಬೆಳಸಿ, ಕೊಂದು, ಅದನ್ನೇ ಮತ್ತೆ ಅವನಿಗೆ ಚುಚ್ಚಿದರೆ ರೋಗ ಹೋಗುವುದೆಂದು ಸಾರುತ್ತಿದ್ದನು. ಮರುಕಳಿಸುವ ಗಂಟಲ ಬೇನೆಯವರೂ ಕುರುವಿನವರೂ ಅಂದು ಇಂತಹ ಲಸಿಕೆಗಳಿಗಾಗಿ ಸಾಲುಗಟ್ಟಿದರು. ಬರ್ನಾರ್ಡ್ ಷಾ 1906ರಲ್ಲಿ ರಂಗಕ್ಕೇರಿಸಿದ ವೈದ್ಯರ ಧರ್ಮಸಂಕಟದ ನಾಟಕದ ನಾಯಕನಿಗೆ ಈ ರೈಟನೇ ಮಾದರಿ. ಆ ಲಸಿಕೆಗಳ ಪೈಕಿ ಬಹಳಷ್ಟು ನಿಷ್ಫಲವೆಂದು ಮುಂದೆ ತಿಳಿದುಬಂತು. ವಿಧಿಯ ಚೋದ್ಯವೆಂದರೆ, ರೈಟ್ ಮುಖ್ಯಸ್ಥನಾಗಿದ್ದ ಅದೇ ಲಸಿಕಾ ವಿಭಾಗದ ಪ್ರಯೋಗಶಾಲೆಯಲ್ಲಿ, ಅವನ ಕೈಕೆಳಗಿನ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ನನ್ನು ಕಂಡದ್ದು. ಸ್ಟ್ರೆಪ್ಟೊಕಾಕಸ್ಸಿಗೆ ಲಸಿಕೆ ದೊರೆಯದೆ ಹೋದರೂ ಅದರ ಯಮನೇ ಆದ ಔಷಧವು ಲಸಿಕೆಯ ಮನೆಯಿಂದಲೇ ಹೊರಟುಬಂತು.

ಲಸಿಕೆಗೆ ಅಡ್ಡ ನಿಂತ ಮೊದಲ ಕಷ್ಟವನ್ನು ಬಿಡಿಸಿ ತೋರಿಸಿದವಳು ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯ ರೆಬೆಕ್ಕಾ ಲಾನ್ಸ್‌ಫೀಲ್ಡ್ ಎಂಬ ವಿದುಷಿ. ಸ್ಟ್ರೆಪ್ಟೊಕಾಕಸ್ಸಿನ ಮೈಮೇಲೆ 'ಎಂ' ಪ್ರೋಟೀನೆಂಬ ರೋಮದಂತಹ ಹೊದಿಕೆಯಿದ್ದು, ಶರೀರದ ರಕ್ಷಕಕಣಗಳು ಅದನ್ನು ಗುರುತಿಸಿದರೆ ಮಾತ್ರ ಬ್ಯಾಕ್ಟೀರಿಯಾವನ್ನು ನುಂಗಬಲ್ಲವೆಂದೂ, ಆ ಹೊದಿಕೆಯು ತಳಿಯಿಂದ ತಳಿಗೆ ಬೇರೆಯೆಂದೂ ಆಕೆಯ ದೀರ್ಘಕಾಲದ ಶೋಧನೆಗಳಿಂದ ಸ್ಪಷ್ಟವಾಯಿತು. ಇಂದಿಗೆ ಇನ್ನೂರಕ್ಕೂ ಮಿಕ್ಕ ಬಗೆಗಳು ಲೆಕ್ಕಕ್ಕೆ ಸಿಕ್ಕಿವೆ. ಊರಿಗೊಂದು ಅಂಗಿ ಬದಲಿಸಿಕೊಂಡು ಬರುವ ಕಳ್ಳನನ್ನು ಅಂಗಿಯ ಗುರುತಿನಿಂದ ಹಿಡಿಯಹೊರಟರೆ ಎಷ್ಟು ಅಂಗಿಗಳನ್ನು ನೆನಪಿಟ್ಟುಕೊಳ್ಳುವುದು? ಮಗುವಿಗೆ ಮತ್ತೆ ಮತ್ತೆ ಗಂಟಲು ಕೆಡುವುದಕ್ಕೂ ಇದೇ ಒಂದು ಕಾರಣ: ಒಂದು ಬಗೆಯ ಸೋಂಕಿನಿಂದ ಗಳಿಸಿದ ಪ್ರತಿರೋಧ ಇನ್ನೊಂದಕ್ಕೆ ಒದಗುವುದಿಲ್ಲ. ಭಾರತದಂತಹ ದೇಶದಲ್ಲಿ ಬಗೆಗಳ ವೈವಿಧ್ಯವೂ ಹೆಚ್ಚು. ಯೂರೋಪು ಅಮೆರಿಕಗಳ ಬಗೆಗಳನ್ನು ಆಯ್ದು ಮಾಡಿದ ಲಸಿಕೆ ತುಂಗಭದ್ರೆಯ ದಂಡೆಯಲ್ಲಿ ಅಷ್ಟೇ ಫಲ ಕೊಡುವುದೆಂಬ ಭರವಸೆಯಿಲ್ಲ.

ಎರಡನೆಯ ಕಷ್ಟ ಇದಕ್ಕಿಂತ ಭಯಾನಕವಾದದ್ದು. ಬ್ಯಾಕ್ಟೀರಿಯಾವನ್ನು ಕಂಡು ಶರೀರವು ತನ್ನ ಹೃದಯದ ಮೇಲೆಯೇ ತಿರುಗಿ ಬೀಳುವುದಾದರೆ, ಆ ಬ್ಯಾಕ್ಟೀರಿಯಾದ ತುಣುಕನ್ನು ಲಸಿಕೆಯಾಗಿ ಕೊಟ್ಟಾಗಲೂ ಹಾಗೆಯೇ ಆಗಲಾರದೆ? 1960ರ ದಶಕದಲ್ಲಿ ಅಮೆರಿಕದ ಬೆನೆಡಿಕ್ಟ್ ಮ್ಯಾಸೆಲ್ ಮತ್ತು ಸಂಗಡಿಗರು, ರುಮ್ಯಾಟಿಕ್ ಜ್ವರ ಬಂದಿದ್ದ ಮಕ್ಕಳ ಒಡಹುಟ್ಟಿದವರಾದ 21 ಮಂದಿ ಆರೋಗ್ಯವಂತ ಮಕ್ಕಳಿಗೆ 'ಎಂ' ಪ್ರೋಟೀನಿನ ಲಸಿಕೆಯನ್ನು ಚುಚ್ಚಿದರು. ತರುವಾಯ ಅವರಲ್ಲಿ ಇಬ್ಬರಿಗೆ ನಿಸ್ಸಂಶಯವಾಗಿಯೂ ಇನ್ನೊಬ್ಬರಿಗೆ ಬಹುಮಟ್ಟಿಗೂ ರುಮ್ಯಾಟಿಕ್ ಜ್ವರವೇ ಬಂತೆಂದು 1969ರಲ್ಲಿ ಅವರೇ ಪ್ರಕಟಿಸಿದರು. ಅದು ಲಸಿಕೆಯಿಂದಲೇ ಬಂತೋ, ಆ ಕುಟುಂಬಗಳ ದೇಹಪ್ರಕೃತಿಯಿಂದ ಹೇಗೂ ಬರಬೇಕಾಗಿದ್ದುದು ಬಂತೋ ಎಂಬುದು ಇಂದಿಗೂ ಚರ್ಚಾಸ್ಪದ. ಆದರೆ ಅಂಜಿಕೆಯ ಕೆಲಸ ಅಂಜಿಕೆ ಮಾಡಿತು: 1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಗುಂಪಿನ ಸ್ಟ್ರೆಪ್ಟೊಕಾಕಸ್ಸನ್ನಾಗಲಿ ಅದರ ಅಂಶಗಳನ್ನಾಗಲಿ ಲಸಿಕೆಯಲ್ಲಿ ಸೇರಿಸಬಾರದೆಂದು ನಿಯಮ ಮಾಡಿತು, ಆ ನಿಯಮ ತೆಗೆದುಹಾಕಲ್ಪಟ್ಟದ್ದು 2005ರ ಕೊನೆಗೆ. ಒಂದು ತಲೆಮಾರಿನ ಸಂಶೋಧನೆ ಹೀಗೆ ಕುಂಠಿತವಾಯಿತು. ಬಡವರ ರೋಗವಾದ್ದರಿಂದ ಔಷಧ ವ್ಯಾಪಾರಿಗಳಿಗೆ ಆತುರವೂ ಇರಲಿಲ್ಲವೆಂಬುದನ್ನು ಸೇರಿಸಿ ಹೇಳದಿದ್ದರೆ ಕಥೆ ಅರ್ಧವಾದೀತು. ಈಚೆಗೆ ಮೂವತ್ತು ಬಗೆಗಳ ತುಣುಕುಗಳನ್ನು ಹೆಣೆದ ಲಸಿಕೆಯೊಂದನ್ನು ಕೆನಡಾದಲ್ಲಿ ಆರೋಗ್ಯವಂತ ವಯಸ್ಕರಿಗೆ ಕೊಟ್ಟು ಪರೀಕ್ಷಿಸಿ, ಹೃದಯಕ್ಕೆ ತೊಂದರೆಯಾಗಲಿಲ್ಲವೆಂದು 2020ರಲ್ಲಿ ವರದಿ ಮಾಡಿದ್ದಾರೆ. ಎಲ್ಲ ಬಗೆಗಳಿಗೂ ಸಮಾನವಾದ ಭಾಗವನ್ನೇ ಆಯ್ದು ಮಾಡುವ ಪ್ರಯತ್ನ ಆಸ್ಟ್ರೇಲಿಯಾದಲ್ಲಿ ನಡೆದಿದೆ. ಇವೆಲ್ಲ ಆರಂಭದ ಹೆಜ್ಜೆಗಳು. ಹೊಸಪೇಟೆಯ ತಾಯಿಗೆ ಹೇಳಬಹುದಾದ್ದು ಇಷ್ಟೇ: ಸ್ಟ್ರೆಪ್ಟೊಕಾಕಸ್ಸಿನ ಗಂಟಲ ಬೇನೆಗೆ ಪರವಾನಗಿ ಪಡೆದ ಲಸಿಕೆ ಜಗತ್ತಿನ ಯಾವ ದೇಶದಲ್ಲಿಯೂ ಇಲ್ಲ.

ಈ ನಡುವೆ ಹಲವು ಬ್ಯಾಕ್ಟೀರಿಯಾಗಳನ್ನು ಒಡೆದು ಪುಡಿಮಾಡಿ ಗುಳಿಗೆಯಾಗಿಯೋ ಹನಿಯಾಗಿಯೋ ನುಂಗಿಸುವ ಔಷಧಗಳೂ ಯೂರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಅವನ್ನು ಕೆಲವರು ಬಾಯಿಯ ಲಸಿಕೆ ಎಂದು ಕರೆಯುತ್ತಾರೆ. ಯೂರೋಪಿನ ಔಷಧ ನಿಯಂತ್ರಕರು 2019ರಲ್ಲಿ ಇವನ್ನು ಪರಿಶೀಲಿಸಿ, ಮರುಕಳಿಸುವ ಉಸಿರಾಟದ ಸೋಂಕುಗಳು ಬಾರದಂತೆ ತಡೆಯಲು ಮಾತ್ರ ಬಳಸಬಹುದು, ಬಂದ ರೋಗಕ್ಕೆ ಚಿಕಿತ್ಸೆಯಾಗಿ ಸಲ್ಲದು, ಫಲದ ವಿಷಯದಲ್ಲಿ ಇನ್ನೂ ಅಧ್ಯಯನ ಬೇಕು ಎಂದರು. ಮಾರುವವನ ಮಾತನ್ನು ನಂಬಿ ಕೊಳ್ಳುವಷ್ಟು ಗಟ್ಟಿಯಾದ ಆಧಾರ ಅವಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು "ಉಂಟು" ಎಂಬ ಭಾಗ. ಗಂಟಲಿಗೆ ಸಂಬಂಧಿಸಿದ ಬ್ಯಾಕ್ಟೀರಿಯಾ ರೋಗಗಳಲ್ಲಿ ಅತ್ಯಂತ ಘೋರವಾದುದನ್ನು ನಮ್ಮ ಹಿರಿಯರು ಗಂಟಲಮಾರಿ ಎಂದರು. ವೈದ್ಯರು ಡಿಫ್ತೀರಿಯಾ ಎನ್ನುತ್ತಾರೆ. ಗಂಟಲಿನಲ್ಲಿ ಬೂದುಬಣ್ಣದ ದಪ್ಪ ಪೊರೆಯೊಂದು ಕಟ್ಟುತ್ತದೆ, ಕೀಳಹೋದರೆ ರಕ್ತ ಒಸರುತ್ತದೆ, ಕುತ್ತಿಗೆ ಗೂಳಿಯ ಕುತ್ತಿಗೆಯಂತೆ ಬಾತುಕೊಳ್ಳುತ್ತದೆ. ಪೊರೆ ಉಸಿರಿನ ದಾರಿಯನ್ನು ಮುಚ್ಚಿ ಕೊಲ್ಲದಿದ್ದರೆ, ಬ್ಯಾಕ್ಟೀರಿಯಾ ಸುರಿಸುವ ವಿಷವು ರಕ್ತದಲ್ಲಿ ಹರಿದು ಹೃದಯವನ್ನೂ ನರಗಳನ್ನೂ ಹಿಡಿದು ಕೊಲ್ಲುತ್ತದೆ. ಚಿಕಿತ್ಸೆ ದೊರೆತರೂ ನೂರರಲ್ಲಿ ಐದರಿಂದ ಹತ್ತು ಜನ ಉಳಿಯುವುದಿಲ್ಲ. ಬೆಹ್ರಿಂಗ್ ಮತ್ತು ಕಿಟಸಾಟೊ 1890ರಲ್ಲಿ ಈ ವಿಷಕ್ಕೆ ಪ್ರತಿವಿಷವನ್ನು ಪ್ರಾಣಿಗಳ ರಕ್ತದಲ್ಲಿ ಕಂಡರು. ವೈದ್ಯವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಬೆಹ್ರಿಂಗನಿಗೆ ಸಂದದ್ದು ಈ ಗಂಟಲಮಾರಿಯ ಕೆಲಸಕ್ಕಾಗಿಯೇ. ಫ್ರಾನ್ಸಿನ ಗಾಸ್ತೋಂ ರಾಮೋಂ 1920ರ ದಶಕದಲ್ಲಿ ಅದೇ ವಿಷವನ್ನು ಫಾರ್ಮಲಿನ್ನಿನಿಂದಲೂ ಕಾವಿನಿಂದಲೂ ಹದಗೊಳಿಸಿ, ಅದರ ಕೊಲ್ಲುವ ಗುಣವನ್ನು ಕಳೆದು ಪ್ರತಿರೋಧ ಹುಟ್ಟಿಸುವ ಗುಣವನ್ನು ಮಾತ್ರ ಉಳಿಸಿಕೊಂಡನು. ನಮ್ಮ ಅಂಗನವಾಡಿಗಳಲ್ಲಿ ಇಂದು ಹಾಕುವ ಲಸಿಕೆಯ ಮೂಲತತ್ತ್ವ ಅದೇ.

ಹಳೆಯ ರೋಗವೆಂದು ಇದನ್ನು ತಳ್ಳಿಹಾಕುವಂತಿಲ್ಲ. 2018ರಲ್ಲಿ ಭಾರತದಿಂದ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಗಂಟಲಮಾರಿಯ ಪ್ರಕರಣಗಳು ಎಂಟು ಸಾವಿರಕ್ಕೂ ಮಿಕ್ಕವು. ಆ ವರ್ಷ ಜಗತ್ತಿನ ಲೆಕ್ಕದ ಅರ್ಧಭಾಗ ನಮ್ಮದೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ರೋಗ ಮತ್ತೆ ತಲೆಯೆತ್ತಿದೆಯೆಂದು ಅಲ್ಲಿಯ ವೈದ್ಯರೇ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದ್ದಾರೆ. ಎದೆಹಾಲಿನ ಕೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಿಗೇ ಇದು ಈಗ ಹೆಚ್ಚಾಗಿ ತಗಲುವುದರ ಕಾರಣ ಗೂಢವಾದುದಲ್ಲ. ಈ ಲಸಿಕೆಯ ಬಲ ವರ್ಷಗಳು ಕಳೆದಂತೆ ಕುಂದುತ್ತ ಬರುತ್ತದೆ. ಅದನ್ನು ಆಗಾಗ ಬಲಪಡಿಸಬೇಕು. ಹುಟ್ಟಿದ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆಯನ್ನು ಆಶಾ ಕಾರ್ಯಕರ್ತೆಯ ಒತ್ತಾಯಕ್ಕಾದರೂ ಹಾಕಿಸುತ್ತಾರೆ. ಒಂದೂವರೆ ವರ್ಷದ ಸುಮಾರಿಗೆ ಬರುವ ಡಿಪಿಟಿ ಬೂಸ್ಟರಿಗೆ ಉತ್ಸಾಹ ಅರ್ಧವಾಗಿರುತ್ತದೆ, 5ರಿಂದ 6 ವರ್ಷದೊಳಗಿನ ಎರಡನೆಯದನ್ನು ನೆನಪಿಡುವವರು ಇನ್ನೂ ವಿರಳ. 10 ಮತ್ತು 16ನೆಯ ವಯಸ್ಸಿನ ಟಿಡಿ ಸೂಜಿ ಧನುರ್ವಾಯುವಿಗೆ ಮಾತ್ರವೇ ಎಂದು ಓದಿದವರೂ ತಿಳಿದಿರುವುದುಂಟು. ಅದರಲ್ಲಿ ಗಂಟಲಮಾರಿಯ ಅಂಶವನ್ನೂ ಸೇರಿಸಿರುವುದು ಈ ಕಾರಣದಿಂದಲೇ. ಕಬ್ಬು ಕಡಿಯಲೆಂದೋ ಕಾಫಿತೋಟಕ್ಕೆಂದೋ ಇಡೀ ಕುಟುಂಬವೇ ಗುಳೆ ಹೋದಾಗ, ಮಗುವಿನ ತಾಯಿ ಕಾರ್ಡು ಊರಿನ ಗೂಡಿನಲ್ಲಿ ಉಳಿಯುತ್ತದೆ, ಲಸಿಕೆಯ ದಿನ ಕಳೆದುಹೋಗುತ್ತದೆ, ಮರಳಿ ಬಂದಾಗ ಕೇಳುವವರೂ ಇರುವುದಿಲ್ಲ.

ಮೇಲಿಂದ ಮೇಲೆ ಗಂಟಲು ಕೆಡುವ ಮಕ್ಕಳ ವಿಷಯದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಈ ಲಸಿಕೆಯಿಂದ ಅವರ ನಿತ್ಯದ ಗಂಟಲ ಬೇನೆ ಕಿಂಚಿತ್ತೂ ಕಡಿಮೆಯಾಗದು; ಹಾಗೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ಹತ್ತು ಸಲ ಬಂದು ಹೋದ ನೋವಿಗೆ ಮನೆಯವರು ಒಗ್ಗಿಹೋಗಿರುವುದರಿಂದ, ಹನ್ನೊಂದನೆಯ ಸಲ ಬಂದದ್ದು ಗಂಟಲಮಾರಿಯೇ ಆಗಿದ್ದರೂ ಅದನ್ನು ಎಂದಿನ ಟಾನ್ಸಿಲ್ ಎಂದೇ ಭಾವಿಸಿ, ಕಿರುನಾಲಿಗೆ ಬಿದ್ದಿದೆಯೆಂದು ಬೆರಳಿನಿಂದ ಒತ್ತಿಸಿ, ಅಂಗಡಿಯಿಂದ ಎರಡು ಗುಳಿಗೆ ತಂದು ಕೊಟ್ಟು, ಪ್ರತಿವಿಷ ಕೊಡಬೇಕಾದ ಮೊದಲ ಒಂದೆರಡು ದಿನಗಳನ್ನು ಕಳೆದುಬಿಡುವ ಅಪಾಯ ಇಂತಹ ಮನೆಗಳಲ್ಲಿಯೇ ಅಧಿಕ. ಆದಕಾರಣ ಗಂಟಲಮಾರಿಯ ಲಸಿಕೆ ಯಾವ ಮಗುವಿಗೆ ತಪ್ಪಿದರೂ ಸರಿಯಲ್ಲ, ಇಂತಹ ಮಗುವಿಗೆ ತಪ್ಪುವುದಂತೂ ಸರ್ವಥಾ ಸಲ್ಲದು. ಪೆಂಟಾವೇಲೆಂಟ್ ಲಸಿಕೆಯಲ್ಲಿರುವ ಹಿಬ್ ಎಂಬ ಅಂಶವೂ, ಶ್ವಾಸದ್ವಾರದ ಮುಚ್ಚಳ ಒಮ್ಮೆಗೇ ಊದಿ ಉಸಿರು ಕಟ್ಟಿಸುವ ಇನ್ನೊಂದು ಮಾರಕ ಸೋಂಕನ್ನು ತಡೆಯುತ್ತದೆ. 2021ರಿಂದ ದೇಶಾದ್ಯಂತ ಕೊಡುತ್ತಿರುವ ನ್ಯೂಮೋಕಾಕಸ್ ಲಸಿಕೆ ಪುಪ್ಪುಸದ ಉರಿಯೂತಕ್ಕೂ ಮಿದುಳುಪೊರೆಯ ಜ್ವರಕ್ಕೂ ಸಂಬಂಧಿಸಿದುದು. ಗಂಟಲ ಬೇನೆಗೆ ಅದರಿಂದ ಫಲವಿಲ್ಲ.

ಲಸಿಕೆಯಿಲ್ಲದ ಸ್ಟ್ರೆಪ್ಟೊಕಾಕಸ್ಸಿಗೆ ಲಸಿಕೆಯ ಸ್ಥಾನದಲ್ಲಿ ನಿಂತು ಕೆಲಸ ಮಾಡಿದ್ದು ಪೆನಿಸಿಲಿನ್. ಗಂಟಲ ಬೇನೆಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ಬಾರದೆಂಬುದು ಅಮೆರಿಕದ ವ್ಯೋಮಿಂಗ್ ಸೀಮೆಯ ವಾಯುಸೇನೆಯ ನೆಲೆಯೊಂದರಲ್ಲಿ ಸೈನಿಕರ ಮೇಲೆ ನಡೆಸಿದ ಪರೀಕ್ಷೆಯಿಂದ 1950ರಲ್ಲಿ ಸಿದ್ಧವಾಯಿತು. ನಾಲ್ಕೇ ವರ್ಷಗಳಲ್ಲಿ, 1954ರಲ್ಲಿ, ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪಿತವಾಗಿ, ಪೆನಿಸಿಲಿನ್ ನಮ್ಮ ದೇಶದಲ್ಲಿಯೇ ತಯಾರಾಗಲು ದಾರಿಯಾಯಿತು. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಈ ಔಷಧಕ್ಕೆ ಜಗ್ಗದಂತಾಗಿದ್ದರೂ ಈ ಸ್ಟ್ರೆಪ್ಟೊಕಾಕಸ್ ಮಾತ್ರ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಬೇನೆ ಆರಂಭವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ಮೊದಲಾದರೂ ಹೃದಯವನ್ನು ಕಾಪಾಡಬಹುದು. ಆದರೆ ವೈದ್ಯರು ಹತ್ತು ದಿನಗಳ ಗುಳಿಗೆ ಬರೆದರೆ ಹತ್ತು ದಿನವೂ ನುಂಗಬೇಕು. ಮೂರನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಗುಳಿಗೆಗಳನ್ನು ಮುಂದಿನ ಸಲಕ್ಕೆಂದು ತೆಗೆದಿಡುವ ಮಿತವ್ಯಯ ದುಬಾರಿಯಾದೀತು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿನ ಮಾತು ಬೇರೆ. ಅದಕ್ಕೆ ಪ್ರತಿ 21 ದಿನಗಳಿಗೊಮ್ಮೆ ಬೆಂಜಥೈನ್ ಪೆನಿಸಿಲಿನ್ ಚುಚ್ಚಿಸಬೇಕು. ಹೃದಯ ಕೆಡದಿದ್ದವರಿಗೂ ಕನಿಷ್ಠ ಐದು ವರ್ಷ, ಕವಾಟ ಕೆಟ್ಟವರಿಗೆ ನಲವತ್ತರ ವಯಸ್ಸಿನವರೆಗೂ, ಒಮ್ಮೊಮ್ಮೆ ಜೀವಾವಧಿಯೂ. ಸೊಂಟದಲ್ಲಿ ಗಟ್ಟಿಯಾಗಿ ಇಳಿಯುವ ಈ ಮದ್ದಿನ ನೋವು ಎರಡು ದಿನ ಮಗುವನ್ನು ಕುಂಟಿಸುತ್ತದೆ. ವಿರಳವಾಗಿ ಒಗ್ಗದಿಕೆಯಿಂದ ಅಪಾಯವಾಗಬಹುದೆಂಬ ಭಯದಿಂದ ಕೆಲವು ವೈದ್ಯರೇ ಇದನ್ನು ಹಾಕಲು ಹಿಂಜರಿಯುತ್ತಾರೆ. ಆ ಭಯ ನಿರಾಧಾರವಲ್ಲ. ಪರೀಕ್ಷಿಸಿ, ತುರ್ತು ಔಷಧ ಕೈಯಲ್ಲಿಟ್ಟುಕೊಂಡು, ಆಸ್ಪತ್ರೆಯಲ್ಲಿಯೇ ಹಾಕಬೇಕಾದ ಸೂಜಿ ಇದು. ಆದರೆ ಹಾಕದೆ ಬಿಟ್ಟ ಸೂಜಿಗಳಿಂದ ಕೆಟ್ಟ ಹೃದಯಗಳ ಸಂಖ್ಯೆ, ಹಾಕಿದ ಸೂಜಿಯಿಂದ ಅಪಾಯಕ್ಕೊಳಗಾದವರ ಸಂಖ್ಯೆಗಿಂತ ಎಷ್ಟೋ ದೊಡ್ಡದು. ವಿಶ್ವ ಆರೋಗ್ಯ ಸಭೆಯು 2018ರಲ್ಲಿ ಈ ರೋಗದ ನಿವಾರಣೆಗೆ ನಿರ್ಣಯ ಮಾಡುವಾಗ, ಈ ಅಗ್ಗದ ಮದ್ದು ಎಲ್ಲೆಡೆಯೂ ತಪ್ಪದೆ ದೊರೆಯುವಂತಾಗಬೇಕೆಂಬುದನ್ನು ಒತ್ತಿ ಹೇಳಿತು. ಇನ್ನು ಟಾನ್ಸಿಲ್ ಕತ್ತರಿಸುವ ಶಸ್ತ್ರಕ್ರಿಯೆಯ ವಿಚಾರ: ಒಂದು ವರ್ಷದಲ್ಲಿ ಏಳು ಸಲ, ಇಲ್ಲವೆ ಸತತ ಎರಡು ವರ್ಷ ವರ್ಷಕ್ಕೆ ಐದು ಸಲ, ಇಲ್ಲವೆ ಸತತ ಮೂರು ವರ್ಷ ವರ್ಷಕ್ಕೆ ಮೂರು ಸಲ ತೀವ್ರವಾಗಿ ಗಂಟಲು ಕೆಟ್ಟದ್ದು ದಾಖಲೆಯಲ್ಲಿದ್ದರೆ ಮಾತ್ರ ಅದನ್ನು ಯೋಚಿಸುವುದು ರೂಢಿ. ಅದಕ್ಕಾಗಿ ಪ್ರತಿ ಸಲದ ಚೀಟಿಯನ್ನೂ ಎಸೆಯದೆ ಇಟ್ಟುಕೊಳ್ಳುವುದು ಲೇಸು.

ಈ ಲೇಖನವನ್ನು ಓದುತ್ತಿರುವ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ತಂದೆತಾಯಿಯರು, ಗಂಟಲ ಬೇನೆಯ ಹೊಸ ಲಸಿಕೆಯ ಸುದ್ದಿಗಾಗಿ ಕಾಯುತ್ತ ಕೂರದೆ, ಮನೆಯ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡನ್ನು ಹೊರತೆಗೆದು, ಐದನೆಯ ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯೇ, ಹತ್ತರ ಮತ್ತು ಹದಿನಾರರ ಟಿಡಿ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಬೇಕು. ತಪ್ಪಿಹೋಗಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ವಯಸ್ಸಿಗೆ ತಕ್ಕ ಲಸಿಕೆಯನ್ನು ತಡವಾಗಿಯಾದರೂ ಹಾಕುತ್ತಾರೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.